ಇತರೆ

ಒಂದು ಗಂಟೆಗೆ ಬಂದು ಉಂಡು ಹೋದವರು
ಎರಡಕ್ಕೆ ಮತ್ತೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರು.
ಸುಮ್ಮನೆ ಇನ್ನೊಂದು ತಾಟು ಹಾಕಿದೆ.
ಮೂರೂವರೆಗೆ ಒಲೆ ಆರಿಸಿ ಪಾತ್ರೆ ತಿಕ್ಕುವಾಗ
ಹಿತ್ತಲ ಬಾಗಿಲಲ್ಲಿ ಅದೇ ಕೆಮ್ಮು:
'ಹಾಲವ್ವ, ಇವತ್ತು ಯಾಕೋ ತಡ ಆತು.'

ಕೊಟ್ರಬಸಪ್ಪನೋರು.
ಕಾಟನ್ ಮಿಲ್ಲಿನಲ್ಲಿ ತೂಕದ ಗುಮಾಸ್ತರಾಗಿದ್ದವರು.
ಮಿಲ್ಲು ಮುಚ್ಚಿ, ಗೋಡೆ ಕೆಡವಿ, ಸೈಟು ಬಿದ್ದು,
ಸೈಟಿನಲ್ಲಿ ಎದ್ದ ಮನೆಗಳಿಗೆ ಎರಡನೇ ಸಲ ಬಣ್ಣ ಹೊಡೆದರೂ
ಇವರ ಅಂಗೈಯಲ್ಲಿ ತಕ್ಕಡಿ ಉಳಿದೇ ಇತ್ತು.
ರೊಟ್ಟಿಯನ್ನು ಅಂಗೈ ಮೇಲಿಟ್ಟು ಕಣ್ಣು ಮುಚ್ಚಿ
'ಜೋಳದ ರೇಟು ಏರೈತೆ, ಅಲ್ಲೇನು?' ಅನ್ನುತ್ತಿದ್ದರು.
ಏರಿರುತ್ತಿತ್ತು.

ಮೂವತ್ತೊಂದು ವರ್ಷ.
ಒಂದನೇ ತಾರೀಖು ದುಡ್ಡು, ಪಾಸಿನಲ್ಲಿ ಹೊತ್ತಿಗೊಂದು ಗೀಟು.
ಮದುವೆ ಯಾಕಾಗಲಿಲ್ಲ ಎಂದು ನಾನು ಕೇಳಲಿಲ್ಲ,
ಗಂಡ ಯಾಕೆ ಬಿಟ್ಟ ಎಂದು ಅವರೂ ಕೇಳಲಿಲ್ಲ.

ಕ್ಯಾಲೆಂಡರಿನ ಬೆನ್ನಿಗೆ ನಂಬರು ಬರೆಯುತ್ತ ಹೋದೆ.
ಸಹಾಯವಾಣಿಯ ಹುಡುಗಿ ಚೆನ್ನಾಗಿ ಮಾತಾಡಿದಳು,
ಅವಳ ಕಂಪ್ಯೂಟರು ಮಾತಾಡಲಿಲ್ಲ.
ಒಂದು ಆಶ್ರಮದವರು ಕೇಳಿದರು, 'ಎದ್ದು ಓಡಾಡ್ತಾರೇನು?'
ಓಡಾಡ್ತಾರೆ ರೀ, ಅದೇ ತಾಪತ್ರಯ.
ಮೊನ್ನೆ ಗಡಿಯಾರ ಕಂಬಕ್ಕೆ ನಾಲ್ಕು ಸುತ್ತು ಹಾಕಿ
ಪೊಲೀಸಿನವನನ್ನು 'ಎರಡನೇ ಪಾಳಿ ಬಿಟ್ಟಿತಾ?' ಅಂದರಂತೆ.
'ಹಂಗಾದ್ರೆ ಆಗಲ್ಲಮ್ಮ, ನಮ್ಮ ಗೇಟಿಗೆ ಆಳಿಲ್ಲ.'
ಇನ್ನೊಂದು ಕಡೆ ಆಳಿದ್ದ, ಹಾಸಿಗೆ ಇರಲಿಲ್ಲ.
ಮನೆಗೇ ಆಳು ಕಳಿಸುವ ಏಜೆನ್ಸಿಯವನು
ತಿಂಗಳಿಗೆ ಇಪ್ಪತ್ನಾಲ್ಕು ಸಾವಿರ ಅಂದ.
ಫೋನು ಇಟ್ಟ ಮೇಲೂ ಬಹಳ ಹೊತ್ತು
ನಾನು ಅದನ್ನು ಜೋಳದ ಚೀಲಗಳಲ್ಲಿ ಎಣಿಸುತ್ತಿದ್ದೆ.

ಕಚೇರಿಯಲ್ಲಿ ಒಂದು ಫಾರಂ.
ಹೆಸರು, ವಯಸ್ಸು, ಆಧಾರ್. ಆಮೇಲೆ: ಸಂಬಂಧ.
'ಮಗಳಾ?' ಅಲ್ಲ. 'ಸೊಸೆ? ತಂಗಿ?' ಅಲ್ಲ.
'ಮತ್ತೆ...' ಎಂದು ಕನ್ನಡಕದ ಮೇಲಿಂದ ನೋಡಿದ.
'ಊಟಕ್ಕೆ ಹಾಕ್ತೀನಿ' ಅಂದೆ.
'ಅದು ಸಂಬಂಧ ಅಲ್ಲಮ್ಮ.'
ಇಪ್ಪತ್ತೆರಡು ಸಾವಿರ ಗೀಟು ಅದಾವು, ತಂದು ತೋರಿಸಲಾ
ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.
ಅಷ್ಟರಲ್ಲಿ ಅವನು 'ಇತರೆ' ಎಂದು ಬರೆದು ಸೀಲು ಒತ್ತಿದ್ದ.

ಕೊನೆಗೆ ದಾರಿ ಹೇಳಿದ್ದು
ಮೂಲೆ ಬೆಂಚಿನಲ್ಲಿ ಉಣ್ಣುವ ಲ್ಯಾಬಿನ ಹುಡುಗ.
ನಿಟ್ಟುವಳ್ಳಿ ಕಡೆ ಬಾಡಿಗೆ ಮನೆ, ಬೋರ್ಡೂ ಇಲ್ಲ.
ರಿಹಾನಾ ಸಿಸ್ಟರು, ನೌಕರಿ ಮುಗಿಸಿದವರು,
ಒಂಬತ್ತರಿಂದ ಐದರತನಕ ಹನ್ನೊಂದು ಮಂದಿಯನ್ನು ನೋಡಿಕೊಳ್ಳುತ್ತಾರೆ.
ಓಡಾಡ್ತಾರಾ ಅನ್ನಲಿಲ್ಲ, ಯಾರಾಗಬೇಕು ಅನ್ನಲಿಲ್ಲ.
'ಏನು ಕೆಲಸ ಮಾಡ್ತಿದ್ರು?' ಅಂದರು.
ನನಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು.

ಅಲ್ಲಿ ಮುದುಕಿಯರು ಬತ್ತಿ ಹೊಸೆಯುತ್ತಿದ್ದರು.
ಸಿಸ್ಟರು ಒಂದು ಹಿಡಿ ಹತ್ತಿ ಇವರ ಕೈಗಿಟ್ಟರು.
ಬೆರಳು ಮಡಚಿ, ಬಿಚ್ಚಿ, ಕಿವಿಯ ಹತ್ತಿರ ಹಿಡಿದು
'ತೇವ ಐತೆ,' ಅಂದರು ಕೊಟ್ರಬಸಪ್ಪನೋರು,
'ಇದನ್ನ ತೂಗಬ್ಯಾಡ್ರಿ. ಬಿಸಿಲಿಗೆ ಹಾಕ್ರಿ.'
ಹಾಕಿದರು.

ಬೆಳಿಗ್ಗೆ ತಿಪ್ಪೇಶಿಯ ಆಟೋ ಬರುತ್ತದೆ.
ಡಬ್ಬಿಯಲ್ಲಿ ಎರಡು ರೊಟ್ಟಿ, ಪಲ್ಯ, ಕೆಂಪು ಚಟ್ನಿ ಇಲ್ಲ, ಬಿಪಿ.
ರಾತ್ರಿಯದು ಇನ್ನೂ ಬಗೆಹರಿದಿಲ್ಲ.
ಸದ್ಯಕ್ಕೆ ಊಟದ ಲೆಕ್ಕಕ್ಕೆ ತಿಪ್ಪೇಶಿಯೇ
ಅವರ ರೂಮಿನ ಬಾಗಿಲಿಗೆ ಅಡ್ಡ ಮಲಗುತ್ತಾನೆ.
ಅವನಿಗೂ ಮದುವೆ ಗೊತ್ತಾಗಿದೆ, ಮಾರ್ಚಿಗೆ.

ನಿನ್ನೆ ಸಂಜೆ ಆಟೋ ಇಳಿದು ನನ್ನ ಮುಂದೆ ನಿಂತರು.
ಡಬ್ಬಿಯಿಂದ ಅರ್ಧ ರೊಟ್ಟಿ ತೆಗೆದರು.
'ಇಲ್ಲೊಬ್ಬ ಹೆಣ್ಣುಮಗಳು ಅದಾಳ್ರಿ, ಖಾನಾವಳಿಯಾಕಿ.
ಎಲ್ಲರಿಗೂ ಬಡಿಸಿ ಕಡೀಗೆ ಉಣ್ತಾಳೆ,
ಒಂದೊಂದು ದಿನ ಉಳಿದಿರೋದಿಲ್ಲ.
ಇದನ್ನ ಆಕಿಗೆ ಕೊಡ್ರಿ.'

ಕೊಡ್ತೀನಿ ಅಂದೆ.
ಅಂಗೈ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ.
ನನಗೆ ತೂಕ ಗೊತ್ತಾಗುವುದಿಲ್ಲ.